ಅಪ್ಪ-ಅಮ್ಮನಿಗೆ ಅಮೆರಿಕದ ವಿಸಿಟರ್ ವೀಸಾ: ಪಾಸ್‌ಪೋರ್ಟ್ ತೆಗೆದು ನೋಡುವುದರಿಂದ ವಿಮಾನ ಇಳಿಯುವವರೆಗೆ

ಮಗನೋ ಮಗಳೋ ಅಮೆರಿಕದಲ್ಲಿ ರಾತ್ರಿ ಕೂತು ಫಾರ್ಮ್ ತುಂಬುತ್ತಾರೆ. ಅಪ್ಪ-ಅಮ್ಮ ಹಾಸನದಲ್ಲೋ ಧಾರವಾಡದಲ್ಲೋ ಇರುತ್ತಾರೆ. ತಮ್ಮ ಹೆಸರಿನ ಅರ್ಜಿಯಲ್ಲಿ ಏನು ಬರೆದಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಕೈಯಲ್ಲಿ ದಪ್ಪ ಫೈಲ್ ಹಿಡಿದು ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋಗುತ್ತಾರೆ, ಆ ಫೈಲನ್ನು ಯಾರೂ ತೆರೆಯುವುದೂ ಇಲ್ಲ. ಕೆಲವೇ ನಿಮಿಷದ ಮಾತು, ಅಷ್ಟರಲ್ಲಿ ಹೌದೋ ಅಲ್ಲವೋ ತೀರ್ಮಾನ ಆಗಿರುತ್ತದೆ.

ಅಧಿಕಾರಿ ನೋಡುವುದು ಎರಡನ್ನೇ: ಕಂಪ್ಯೂಟರ್ ತೆರೆಯ ಮೇಲಿನ ಅರ್ಜಿ ಮತ್ತು ಎದುರಿಗೆ ನಿಂತವರ ಮಾತು. ಎರಡೂ ಹೊಂದಬೇಕು. ಇದು ಬಿ1/ಬಿ2, ಅಂದರೆ ವಿಸಿಟರ್ ವೀಸಾಕ್ಕೆ ಬರೆದ ಮಾರ್ಗದರ್ಶಿ. ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯೆ ಒಂದನ್ನು ಹಾರಿಸಿದರೆ ಮುಂದೆ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ.

1. ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ

ಇಬ್ಬರ ಪಾಸ್‌ಪೋರ್ಟನ್ನೂ ಮುಂದಿಟ್ಟುಕೊಂಡು ನಾಲ್ಕು ವಿಷಯ ನೋಡಿ. ಅವಧಿ ಎಷ್ಟು ಉಳಿದಿದೆ? ಅಮೆರಿಕದಿಂದ ವಾಪಸ್ ಬರುವ ದಿನದ ನಂತರವೂ ಕನಿಷ್ಠ 6 ತಿಂಗಳು ಇರಲಿ. ಖಾಲಿ ಪುಟ ಇದೆಯಾ? ಹುಟ್ಟಿದ ದಿನಾಂಕ ಸರಿಯಿದೆಯಾ? ಹೆಸರು ಹೇಗೆ ಅಚ್ಚಾಗಿದೆ?

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ತೊಂದರೆ ಜಾಸ್ತಿ. ನಮ್ಮ ಎಷ್ಟೋ ಹಿರಿಯರಿಗೆ ಸರ್‌ನೇಮ್ ಅನ್ನುವುದೇ ಇಲ್ಲ, ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದು, ಗಿವನ್ ನೇಮ್ ಜಾಗದಲ್ಲಿ ಮಾತ್ರ ಹೆಸರಿದ್ದರೆ, ವೀಸಾ ಅರ್ಜಿಯಲ್ಲಿ ಆ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆಯಬೇಕು. ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ (FNU, ‘ಮೊದಲ ಹೆಸರು ಗೊತ್ತಿಲ್ಲ’ ಅನ್ನುವುದರ ಚುಟುಕು) ಎಂಬ ಮೂರು ಇಂಗ್ಲಿಷ್ ಅಕ್ಷರ ಹಾಕಬೇಕು. ವೀಸಾದಲ್ಲೂ ಹಾಗೇ ಅಚ್ಚಾಗಿ ಬರುತ್ತದೆ, ಗಾಬರಿ ಬೇಡ. ಆಧಾರ್‌ನಲ್ಲಿ ಇರುವಂತೆ ಇನಿಷಿಯಲ್ ಬಿಡಿಸಿ ಬರೆಯುವುದು, ಮಗನ ಸರ್‌ನೇಮನ್ನು ಅಪ್ಪನಿಗೂ ಅಂಟಿಸುವುದು, ಇವೆರಡೂ ಬೇಡ. ಇಲ್ಲಿ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟ್ ಒಂದೇ.

ಪಾಸ್‌ಪೋರ್ಟಿನಲ್ಲೇ ತಪ್ಪಿದ್ದರೆ ಈಗಲೇ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಸರಿ ಮಾಡಿಸಿ. ಅರ್ಜಿ ಹಾಕಿ, ದುಡ್ಡು ಕಟ್ಟಿದ ಮೇಲೆ ಪಾಸ್‌ಪೋರ್ಟ್ ಸಂಖ್ಯೆ ಬದಲಾದರೆ ಕೆಲಸ ಎರಡರಷ್ಟಾಗುತ್ತದೆ.

2. ಫಾರ್ಮ್ ತೆರೆಯುವ ಮೊದಲು ಫೋನ್ ಮಾಡಿ

ವೆಬ್‌ಸೈಟ್ ಆಮೇಲೆ ನೋಡೋಣ. ಮೊದಲು ಒಂದು ಹಾಳೆ ತಗೊಳ್ಳಿ, ಅಪ್ಪ-ಅಮ್ಮನಿಗೆ ವಿಡಿಯೊ ಕಾಲ್ ಮಾಡಿ. ಈ ವಿವರಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ:

- ಅಜ್ಜ-ಅಜ್ಜಿಯರ, ಅಂದರೆ ಅವರ ಅಪ್ಪ-ಅಮ್ಮಂದಿರ, ಪೂರ್ತಿ ಹೆಸರು ಮತ್ತು ಗೊತ್ತಿದ್ದರೆ ಹುಟ್ಟಿದ ದಿನ
- ಕಳೆದ 5 ವರ್ಷದಲ್ಲಿ ಹೋಗಿಬಂದ ದೇಶಗಳು. ಸಿಂಗಾಪುರ, ದುಬೈ ಪ್ಯಾಕೇಜ್ ಟೂರ್ ಕೂಡ ಸೇರಿಸಿ
- ಕಳೆದ 5 ವರ್ಷದಲ್ಲಿ ಬಳಸಿದ ಫೋನ್ ನಂಬರು, ಇಮೇಲ್, ಸೋಶಿಯಲ್ ಮೀಡಿಯಾ ಖಾತೆ
- ನಿವೃತ್ತಿ ಯಾವಾಗ, ಎಲ್ಲಿಂದ
- ಅಮೆರಿಕದ ವೀಸಾಕ್ಕೆ ಹಿಂದೆ ಯಾವಾಗಲಾದರೂ ಅರ್ಜಿ ಹಾಕಿದ್ದರಾ, ತಿರಸ್ಕಾರ ಆಗಿತ್ತಾ
- ಅವರ ಹೆಸರಿನಲ್ಲಿ ಯಾರಾದರೂ ಗ್ರೀನ್ ಕಾರ್ಡಿಗೆ ಪಿಟಿಷನ್ ಹಾಕಿದ್ದಾರಾ

ಕೊನೆಯ ಎರಡನ್ನು ಒತ್ತಿ ಕೇಳಿ. ‘ಇಲ್ಲಪ್ಪ, ಅಂಥದ್ದೇನಿಲ್ಲ’ ಅಂದ ಅಪ್ಪನಿಗೆ, ಅಮೆರಿಕದ ಪೌರನಾದ ತಮ್ಮ ಎಷ್ಟೋ ವರ್ಷದ ಹಿಂದೆ ಒಂದು ಪಿಟಿಷನ್ ಹಾಕಿದ್ದು ಮರೆತೇ ಹೋಗಿರಬಹುದು. ಒಡಹುಟ್ಟಿದವರ ಪಿಟಿಷನ್ ವರ್ಷಾನುಗಟ್ಟಲೆ ಸರದಿಯಲ್ಲಿ ಕಾಯುತ್ತದಲ್ವಾ, ಮರೆಯುವುದು ಸಹಜ. ಆದರೆ ಅಮೆರಿಕ ಸರ್ಕಾರದ ಕಂಪ್ಯೂಟರ್ ಮರೆಯುವುದಿಲ್ಲ. ಪಿಟಿಷನ್ ಇದ್ದ ಮಾತ್ರಕ್ಕೆ ವೀಸಾ ಸಿಗಲ್ಲ ಅಂತೇನಿಲ್ಲ. ಮುಚ್ಚಿಟ್ಟಂತೆ ಕಂಡರೆ ಮಾತ್ರ ಕಷ್ಟ.

ಅಮ್ಮನ ಫೇಸ್‌ಬುಕ್, ಯೂಟ್ಯೂಬ್ ಖಾತೆಯನ್ನೂ ಬಿಡಬೇಡಿ. ‘ಅಡುಗೆ ವಿಡಿಯೊ ನೋಡೋಕೆ ಮಾತ್ರ’ ಅಂದರೂ ಅದು ಖಾತೆಯೇ.

3. ಡಿಎಸ್-160 ತುಂಬುವುದು

ಇಲ್ಲಿ ಅವಸರ ಬೇಡ. ಇದು ಅಮೆರಿಕದ ವಿದೇಶಾಂಗ ಇಲಾಖೆಯ ಆನ್‌ಲೈನ್ ಅರ್ಜಿ. ವಿಳಾಸದ ಕೊನೆಯಲ್ಲಿ ‘ಸ್ಟೇಟ್ ಡಾಟ್ ಗವ್’ ಇರುವ ಸರ್ಕಾರಿ ಸೈಟಿನಲ್ಲಿ ಮಾತ್ರ ತುಂಬಬೇಕು. ಈ ಅರ್ಜಿ ತುಂಬುವುದಕ್ಕೇ ದುಡ್ಡು ಕೇಳುವ ಸೈಟ್ ಕಂಡರೆ ಅಲ್ಲಿಂದ ಹೊರಗೆ ಬನ್ನಿ. ತುಂಬುವುದಕ್ಕೆ ಶುಲ್ಕವಿಲ್ಲ.

ಅಪ್ಪನಿಗೊಂದು, ಅಮ್ಮನಿಗೊಂದು, ಬೇರೆಬೇರೆ ಅರ್ಜಿ. ಜೊತೆಯಲ್ಲಿ ಪ್ರಯಾಣ ಮಾಡುವವರು ಎಂಬ ಪ್ರಶ್ನೆಗೆ ಒಬ್ಬರ ಅರ್ಜಿಯಲ್ಲಿ ಇನ್ನೊಬ್ಬರ ಹೆಸರು ಹಾಕಿ.

*ಶುರು ಮಾಡುವಾಗ:* ಸಂದರ್ಶನದ ಜಾಗ ಕೇಳುತ್ತದೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು. ಅದನ್ನು ಕೇಳಿ ಎಷ್ಟೋ ಜನ ‘ಇನ್ನು ಚೆನ್ನೈಗೆ ಹೋಗೋದು ತಪ್ಪಿತು’ ಅಂದುಕೊಂಡರು. ಉದ್ಘಾಟನೆ ಆದಾಗ ಅಲ್ಲಿ ವೀಸಾ ಸೇವೆ ಇರಲಿಲ್ಲ. ಪಟ್ಟಿಯಲ್ಲಿ ಇರುವ ಊರನ್ನೇ ಆರಿಸಿ. ಕರ್ನಾಟಕ ಚೆನ್ನೈ ವ್ಯಾಪ್ತಿಗೆ ಬರುತ್ತದೆ, ಆದರೂ ಭಾರತದ ಬೇರೆ ಕಾನ್ಸುಲೇಟಿನಲ್ಲೂ ಸಂದರ್ಶನ ಕೊಡಬಹುದು. ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಬೆಳಗಾವಿಯವರಿಗೆ ಮುಂಬೈ ಸಲೀಸು.

ಆಮೇಲೆ ‘ಎಎ’ಯಿಂದ ಶುರುವಾಗುವ ಅರ್ಜಿ ಸಂಖ್ಯೆ ಬರುತ್ತದೆ. ಅದನ್ನೂ, ಆರಿಸಿದ ಭದ್ರತಾ ಪ್ರಶ್ನೆಯ ಉತ್ತರವನ್ನೂ ಬರೆದಿಟ್ಟುಕೊಳ್ಳಿ. ಸುಮಾರು 20 ನಿಮಿಷ ಸುಮ್ನೆ ಬಿಟ್ಟರೆ ಪುಟ ಮುಚ್ಚಿಹೋಗುತ್ತದೆ. ಆ ಸಂಖ್ಯೆ ಇಲ್ಲದಿದ್ದರೆ ಮತ್ತೆ ಮೊದಲಿಂದ ತುಂಬಬೇಕು.

*ಪ್ರಯಾಣದ ಉದ್ದೇಶ:* ಮೊದಲು ‘ಬಿ’ ವರ್ಗ, ಅದರೊಳಗೆ ಬಿ1/ಬಿ2. ಟಿಕೆಟ್ ಬುಕ್ ಆಗಿಲ್ಲದಿದ್ದರೆ ಅಂದಾಜು ದಿನಾಂಕ ಸಾಕು. ವೀಸಾ ಕೈಗೆ ಬರುವ ಮೊದಲು ವಾಪಸ್ ಸಿಗದ ಟಿಕೆಟ್ ತಗೊಳ್ಳಬೇಡಿ. ಎಷ್ಟು ಕಾಲ ಇರುತ್ತಾರೆ ಎಂಬ ಜಾಗದಲ್ಲಿ ನಿಜವಾಗಿ ಯೋಚಿಸಿರುವಷ್ಟೇ ಬರೆಯಿರಿ. 6 ತಿಂಗಳು ಸಿಗುತ್ತದೆ ಅಂತ ಕೇಳಿ ಎಲ್ಲರೂ 6 ತಿಂಗಳೇ ಹಾಕುತ್ತಾರೆ. ಅಪ್ಪನಿಗೆ ಇನ್ನೂ ಕೆಲಸ ಇದ್ದು 6 ತಿಂಗಳು ಅಂತ ಬರೆದರೆ, ‘ಅಷ್ಟು ರಜೆ ಯಾರು ಕೊಡ್ತಾರೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ.

*ಖರ್ಚು ಯಾರದು:* ನೀವು ಕೊಡುವುದಾದರೆ ನಿಮ್ಮ ಹೆಸರು, ಅವರೇ ಹಾಕಿಕೊಳ್ಳುವುದಾದರೆ ಸ್ವಂತ. ಎರಡೂ ತಪ್ಪಲ್ಲ. ಫಾರ್ಮಿನಲ್ಲಿ ಮಗ ಅಂತ ಇದ್ದು ಕೌಂಟರಿನಲ್ಲಿ ಅಪ್ಪ ಸ್ವಾಭಿಮಾನದಿಂದ ‘ನನ್ನ ಪಿಂಚಣಿಯಿಂದ’ ಅಂದರೆ ಮಾತ್ರ ಅದು ತಪ್ಪು.

*ಅಮೆರಿಕದಲ್ಲಿರುವ ಹತ್ತಿರದ ಸಂಬಂಧಿಗಳು:* ಮಕ್ಕಳು, ಒಡಹುಟ್ಟಿದವರು, ಎಲ್ಲರನ್ನೂ ಹಾಕಿ, ಅವರ ಸ್ಥಿತಿ ಏನೆಂದು ಸರಿಯಾಗಿ ಆರಿಸಿ. ಜಾಸ್ತಿ ಜನ ಅಲ್ಲಿದ್ದಾರೆ ಅಂತ ಗೊತ್ತಾದರೆ ಅನುಮಾನ ಬರುತ್ತದೆ ಎಂದು ಇನ್ನೊಬ್ಬ ಮಗಳನ್ನು ಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಆ ಮಗಳ ಸ್ವಂತ ವೀಸಾ ಅರ್ಜಿಯಲ್ಲಿ ಇದೇ ಅಪ್ಪ-ಅಮ್ಮನ ಹೆಸರಿರುತ್ತದೆ.

*ಕೆಲಸ:* ಅಮ್ಮ ಮನೆಯಲ್ಲಿದ್ದರೆ ಗೃಹಿಣಿ, ಅಪ್ಪ ತೋಟ ನೋಡಿಕೊಳ್ಳುತ್ತಿದ್ದರೆ ಕೃಷಿ. ನಿವೃತ್ತಿಯ ನಂತರವೂ ಅಡಿಕೆ ತೋಟ ನೋಡಿಕೊಳ್ಳುವವರು ಬರೀ ‘ನಿವೃತ್ತ’ ಅಂತ ಬರೆದರೆ, ಊರಿಗೆ ವಾಪಸ್ ಬರಲೇಬೇಕಾದ ದೊಡ್ಡ ಕಾರಣವನ್ನೇ ಬಿಟ್ಟಂತೆ.

*ಭದ್ರತೆಯ ಪ್ರಶ್ನೆಗಳು:* ಭಯೋತ್ಪಾದನೆ, ಕಳ್ಳಸಾಗಣೆ, ಅಪರಾಧ ಅಂತ ಪುಟಗಟ್ಟಲೆ ಬರುತ್ತದೆ. ಓದದೆ ಸಾಲಾಗಿ ‘ಇಲ್ಲ’ ಒತ್ತಬೇಡಿ. ಹಿಂದೆ ಯಾವಾಗಲೋ ಅಮೆರಿಕದಲ್ಲಿ ಅವಧಿ ಮೀರಿ ಉಳಿದಿದ್ದರೆ ಅದಕ್ಕೂ ಇಲ್ಲಿ ಒಂದು ಪ್ರಶ್ನೆ ಇದೆ.

*ಫೋಟೊ:* 2 ಇಂಚು ಅಗಲ, 2 ಇಂಚು ಎತ್ತರ, ಬಿಳಿ ಹಿನ್ನೆಲೆ, 6 ತಿಂಗಳೊಳಗೆ ತೆಗೆದದ್ದು. ಕನ್ನಡಕ ಹಾಕಬಾರದು, ಈ ನಿಯಮ 2016ರ ನವೆಂಬರಿನಿಂದ ಇದೆ. ಅಪ್‌ಲೋಡ್ ಮಾಡುವ ಫೈಲ್ 240 ಕೆಬಿ ಒಳಗಿರಬೇಕು. ಸ್ಟುಡಿಯೊದವರಿಗೆ ‘ಅಮೆರಿಕ ವೀಸಾ ಸೈಜ್’ ಅಂದರೆ ಗೊತ್ತಾಗುತ್ತದೆ. ಮುಖಕ್ಕೆ ಬೆಳ್ಳಗೆ ಎಡಿಟಿಂಗ್ ಬೇಡ ಅಂತ ಒಂದು ಮಾತು ಹೇಳಿ.

*ಸಹಿ:* ಅರ್ಜಿ ತುಂಬಲು ಯಾರಾದರೂ ಸಹಾಯ ಮಾಡಿದರಾ ಅಂತ ಕೊನೆಯಲ್ಲಿ ಕೇಳುತ್ತದೆ. ‘ಹೌದು’ ಅಂತ ಹಾಕಿ ನಿಮ್ಮ ಹೆಸರು ಬರೆಯಿರಿ. ಕೊನೆಯ ಸಲ್ಲಿಕೆಯ ಗುಂಡಿಯನ್ನು ಮಾತ್ರ ಅರ್ಜಿದಾರರೇ ಒತ್ತಬೇಕು, ಅದೇ ಅವರ ಸಹಿ. ಅದಕ್ಕೇ ಹೇಳುವುದು, ಸಲ್ಲಿಸುವ ಮೊದಲು ಇಡೀ ಅರ್ಜಿಯನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳಿ. ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲಿ. ಸಲ್ಲಿಸಿದ ಮೇಲೆ ತಿದ್ದಲು ಆಗುವುದಿಲ್ಲ, ಹೊಸ ಅರ್ಜಿಯೇ ಹಾಕಬೇಕು.

ಬಾರ್‌ಕೋಡ್ ಇರುವ ದೃಢೀಕರಣ ಪುಟವನ್ನು ಪ್ರಿಂಟ್ ತೆಗೆಯಿರಿ. ಪೂರ್ತಿ ಅರ್ಜಿಯ ಪಿಡಿಎಫ್ ಕೂಡ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

4. ಪ್ರೊಫೈಲ್ ಮತ್ತು ಶುಲ್ಕ

ಅಪಾಯಿಂಟ್‌ಮೆಂಟ್ ಸೈಟ್ ಬೇರೆ: ‘ಯುಎಸ್ ವೀಸಾ ಶೆಡ್ಯೂಲಿಂಗ್ ಡಾಟ್ ಕಾಮ್’. ಒಬ್ಬರ ಹೆಸರಿನಲ್ಲಿ ಖಾತೆ ತೆರೆದು ಇನ್ನೊಬ್ಬರನ್ನು ಅದರಲ್ಲೇ ಕುಟುಂಬದ ಸದಸ್ಯರಾಗಿ ಸೇರಿಸಿ. ಆಗ ಇಬ್ಬರಿಗೂ ಒಟ್ಟಿಗೆ ದಿನಾಂಕ ಸಿಗುತ್ತದೆ.

ಶುಲ್ಕ ತಲೆಗೆ 185 ಡಾಲರ್, 2023ರ ಜೂನ್‌ನಿಂದ ಇದೇ ದರ. ರೂಪಾಯಿಯಲ್ಲಿ ಎಷ್ಟು ಅಂತ ಸೈಟೇ ತೋರಿಸುತ್ತದೆ. ವೀಸಾ ಸಿಗಲಿ ಬಿಡಲಿ, ಈ ದುಡ್ಡು ವಾಪಸ್ ಬರುವುದಿಲ್ಲ. ಕಟ್ಟಿದ ರಸೀದಿಗೆ 365 ದಿನ ಬೆಲೆ ಇರುತ್ತದೆ. ಇದಲ್ಲದೆ 250 ಡಾಲರ್ ಹೆಚ್ಚುವರಿ ವೀಸಾ ಶುಲ್ಕಕ್ಕೆ ಅವಕಾಶ ಕೊಡುವ ಕಾನೂನು 2025ರ ಜುಲೈನಲ್ಲಿ ಬಂದಿದೆ. ಕಟ್ಟುವ ದಿನ ಸೈಟಿನಲ್ಲಿ ಏನಿದೆ ಅಂತ ನೋಡಿಯೇ ಲೆಕ್ಕ ಹಾಕಿ.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಡಿಎಸ್-160ರಲ್ಲಿ ಏನೋ ತಪ್ಪು ಕಂಡು ಹೊಸದು ತುಂಬುತ್ತಾರೆ, ಪ್ರೊಫೈಲಿನಲ್ಲಿ ಮಾತ್ರ ಹಳೆಯ ‘ಎಎ’ ಸಂಖ್ಯೆ ಹಾಗೇ ಉಳಿದಿರುತ್ತದೆ. ಎರಡೂ ಹೊಂದದಿದ್ದರೆ ಒಳಗೆ ಬಿಡದೆ ಕಳಿಸಬಹುದು. ಹೊಸ ಅರ್ಜಿ ಹಾಕಿದ ದಿನವೇ ಪ್ರೊಫೈಲ್ ತೆರೆದು ಸಂಖ್ಯೆ ಬದಲಿಸಿ.

ಡ್ರಾಪ್‌ಬಾಕ್ಸ್, ಅಂದರೆ ಸಂದರ್ಶನ ಇಲ್ಲದೆ ಕಾಗದಪತ್ರ ಮಾತ್ರ ಕೊಟ್ಟುಬರುವುದರ ಬಗ್ಗೆ: ಮೊದಲು 79 ವರ್ಷ ದಾಟಿದವರಿಗೆ ಸಂದರ್ಶನದಿಂದ ವಿನಾಯಿತಿ ಇತ್ತು. 2025ರ ಸೆಪ್ಟೆಂಬರ್ 2ರಿಂದ ಅದಿಲ್ಲ. ಈಗ ಹಳೆಯ ಬಿ1/ಬಿ2 ವೀಸಾ ಮುಗಿದು 12 ತಿಂಗಳೊಳಗೆ ನವೀಕರಣಕ್ಕೆ ಹಾಕುವವರಿಗೆ ಮಾತ್ರ ವಿನಾಯಿತಿಯ ಅವಕಾಶ ಇದೆ. ಅದರಲ್ಲೂ ಕೊನೆಯ ಮಾತು ಅಧಿಕಾರಿಯದೇ.

5. ಸ್ಲಾಟ್ ಹಿಡಿಯುವುದು

ಎರಡು ದಿನಾಂಕ ಬೇಕು. ಮೊದಲು ಬೆರಳಚ್ಚು ಕೊಡುವ ಕೇಂದ್ರಕ್ಕೆ, ಆಮೇಲೆ ಕಾನ್ಸುಲೇಟಿನ ಸಂದರ್ಶನಕ್ಕೆ. ಹಿರಿಯರಾದರೆ ಎರಡರ ನಡುವೆ ಒಂದು ರಾತ್ರಿ ವಿಶ್ರಾಂತಿ ಸಿಗುವಂತೆ ಆರಿಸಿ.

ಮೊದಲು ಸಿಕ್ಕ ದಿನಾಂಕ ದೂರ ಇದ್ದರೂ ಹಿಡಿದಿಡಬೇಕಾ? ಹಿಡಿದಿಡಿ, ಆದರೆ ಯೋಚಿಸಿ. 2025ರ ಜನವರಿಯಿಂದ ಭಾರತದಲ್ಲಿ ಹೆಚ್ಚು ಶುಲ್ಕವಿಲ್ಲದೆ ಒಂದೇ ಸಲ ದಿನಾಂಕ ಬದಲಿಸಬಹುದು. ಎರಡನೇ ಸಲ ಬದಲಿಸಬೇಕಾದರೆ, ಅಥವಾ ಹೋಗದೆ ತಪ್ಪಿಸಿಕೊಂಡರೆ, ಹೊಸದಾಗಿ ಶುಲ್ಕ ಕಟ್ಟಬೇಕು. ಎರಡು ದಿನ ಮುಂಚೆ ಸಿಕ್ಕಿತು ಅಂತ ಆ ಒಂದು ಅವಕಾಶವನ್ನು ಕಳೆದುಕೊಳ್ಳಬೇಡಿ.

‘ಬೇಗ ಸ್ಲಾಟ್ ಕೊಡಿಸ್ತೀವಿ, ಲಾಗಿನ್ ಕೊಡಿ’ ಅನ್ನುವವರು ಟೆಲಿಗ್ರಾಂ ತುಂಬ ಇದ್ದಾರೆ. ಪಾಸ್‌ವರ್ಡ್ ಕೊಟ್ಟರೆ ಆ ಒಂದು ಬದಲಾವಣೆಯ ಅವಕಾಶ ಅವರ ಕೈಗೆ ಹೋಯಿತು. ಬಾಟ್ (ತಾನಾಗಿ ಬುಕ್ ಮಾಡುವ ಸಾಫ್ಟ್‌ವೇರ್) ಬಳಸಿ ಹಿಡಿದ ಸುಮಾರು 2,000 ಅಪಾಯಿಂಟ್‌ಮೆಂಟುಗಳನ್ನು ಭಾರತದ ಅಮೆರಿಕ ರಾಯಭಾರ ಕಚೇರಿ 2025ರ ಮಾರ್ಚ್‌ನಲ್ಲಿ ರದ್ದು ಮಾಡಿತು, ಆ ಖಾತೆಗಳನ್ನೂ ತಡೆಹಿಡಿಯಿತು. ಬಾಟ್ ಯಾರೋ ಬಳಸಿದರೂ ರದ್ದಾಗುವುದು ನಿಮ್ಮ ಅಪ್ಪ-ಅಮ್ಮನ ದಿನಾಂಕ. ದಿನಕ್ಕೆ ಒಂದೆರಡು ಸಲ ನೀವೇ ನೋಡಿ, ಸಾಕು. ಸುಮ್ಮನೆ ರಿಫ್ರೆಶ್ ಒತ್ತುತ್ತಾ ಕೂತರೆ ಖಾತೆ ಲಾಕ್ ಆಗುತ್ತದೆ.

6. ಫೈಲ್ ತೆಳ್ಳಗಿರಲಿ

ಇವು ಬೇಕೇ ಬೇಕು: ಈಗಿನ ಪಾಸ್‌ಪೋರ್ಟ್, ಹಳೆಯ ಪಾಸ್‌ಪೋರ್ಟುಗಳು, ಡಿಎಸ್-160 ದೃಢೀಕರಣ ಪುಟ, ಅಪಾಯಿಂಟ್‌ಮೆಂಟ್ ಪತ್ರ, ಒಂದು ಫೋಟೊ.

ಕೇಳಿದರೆ ಕೊಡಲು: ನಿಮ್ಮ ಪಾಸ್‌ಪೋರ್ಟ್ ಮತ್ತು ವೀಸಾ ಅಥವಾ ಗ್ರೀನ್ ಕಾರ್ಡ್ ಪ್ರತಿ, ಕೆಲಸದ ಪತ್ರ, ಇತ್ತೀಚಿನ ಸಂಬಳ ಚೀಟಿ. ಅಪ್ಪ-ಅಮ್ಮನ ಕಡೆಯಿಂದ ಪಿಂಚಣಿ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಪಹಣಿ ಅಥವಾ ಮನೆ ಪತ್ರದ ಪ್ರತಿ.

ಆಹ್ವಾನ ಪತ್ರ, ಐ-134 ಎಂಬ ಬೆಂಬಲ ಪತ್ರ ವಿಸಿಟರ್ ವೀಸಾಕ್ಕೆ ಕಡ್ಡಾಯ ಅಲ್ಲ ಅಂತ ಅಮೆರಿಕದ ವಿದೇಶಾಂಗ ಇಲಾಖೆಯೇ ಹೇಳುತ್ತದೆ. ಅದನ್ನು ನೋಟರಿ ಮಾಡಿಸಿ ಕೊರಿಯರ್ ಮಾಡುವ ಶ್ರಮವನ್ನು 7ನೇ ಹಂತಕ್ಕೆ ಹಾಕಿ. ಆಸ್ತಿಯ ಬೆಲೆ ಕಟ್ಟಿಸಿ ತಂದ ದೊಡ್ಡ ವರದಿಯೂ ಬೇಡ. ಸಂದರ್ಶನದ ಹಿಂದಿನ ವಾರ ಖಾತೆಗೆ ದಿಢೀರ್ ಅಂತ ಲಕ್ಷಗಟ್ಟಲೆ ಹಾಕುವುದಂತೂ ಬೇಡವೇ ಬೇಡ. ನಕಲಿ ಕಾಗದ ಸಿಕ್ಕಿಬಿದ್ದರೆ ಅದು ಈ ಸಲದ ತಿರಸ್ಕಾರಕ್ಕೆ ಮುಗಿಯುವುದಿಲ್ಲ, ಜೀವನಪೂರ್ತಿ ಅನರ್ಹತೆ ಬರಬಹುದು.

7. ಮಾತಿನ ತಯಾರಿ

ಮೂರನೇ ಹಂತದಲ್ಲಿ ಉಳಿಸಿದ ಪಿಡಿಎಫ್ ಈಗ ತೆಗೆಯಿರಿ. ಅದನ್ನು ಮುಂದಿಟ್ಟುಕೊಂಡು ಅಪ್ಪ-ಅಮ್ಮನನ್ನು ಬೇರೆಬೇರೆಯಾಗಿ ಕೇಳಿ.

ಅಮೆರಿಕದ ಕಾನೂನಿನ 214(ಬಿ) ಕಲಂ ಪ್ರಕಾರ, ವಿಸಿಟರ್ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುವವರು ಅಂತಲೇ ಅಧಿಕಾರಿ ಭಾವಿಸಬೇಕು. ಅಲ್ಲ ಅಂತ ತೋರಿಸುವುದು ಅರ್ಜಿದಾರರ ಹೊಣೆ. ಹಾಗಾಗಿ ಪ್ರಶ್ನೆಗಳೆಲ್ಲ ಸುತ್ತುವುದು ಒಂದರ ಸುತ್ತಲೇ: ಹೋಗಿ, ಇದ್ದು, ವಾಪಸ್ ಬರುತ್ತಾರಾ?

‘ಎಷ್ಟು ದಿನ ಇರ್ತೀರಿ?’ ಅಂದರೆ ನಮ್ಮ ಅಮ್ಮಂದಿರ ಉತ್ತರ, ‘ಮಗ ಎಷ್ಟು ದಿನ ಇರು ಅಂತಾನೋ ಅಷ್ಟು ದಿನ.’ ಪ್ರೀತಿಯ ಮಾತು, ಆದರೆ ಈ ಕೌಂಟರಿನಲ್ಲಿ ಇದಕ್ಕಿಂತ ಕೆಟ್ಟ ಉತ್ತರ ಇಲ್ಲ. ‘ಮೂರು ತಿಂಗಳು. ದೀಪಾವಳಿಗೆ ಮೊದಲು ಬರ್ತೀವಿ, ಊರಲ್ಲಿ ತೋಟ ಇದೆ’ ಅಂದರೆ ಮುಗಿಯಿತು, ಅದು ನಿಜವೂ ಆಗಿದ್ದರೆ.

‘ಮಗ ಏನು ಮಾಡ್ತಾರೆ?’ ಅಂದರೆ ಕೆಲಸ, ಕಂಪನಿ, ಊರು. ‘ಕಂಪ್ಯೂಟರ್’ ಅಂತ ಒಂದೇ ಪದ ಸಾಲದು. ಮಗ ಯಾವ ವೀಸಾದಲ್ಲಿದ್ದಾನೆ ಅನ್ನುವುದೂ ಗೊತ್ತಿರಲಿ.

ಬಾಣಂತನದ ವಿಷಯಕ್ಕೆ ಎಲ್ಲರೂ ತಡವರಿಸುತ್ತಾರೆ. ಮಗಳ ಹೆರಿಗೆಗೆ ಹೋಗುತ್ತಿದ್ದರೆ ಹಾಗೇ ಹೇಳಬೇಕು: ‘ಮಗಳಿಗೆ ಮಗು ಆಗುತ್ತೆ, ಆ ಹೊತ್ತಿಗೆ ಜೊತೆಗಿರೋಕೆ ಹೋಗ್ತಿದ್ದೀವಿ.’ ಹೆರಿಗೆ ಮುಚ್ಚಿಟ್ಟು ‘ನಯಾಗರ ನೋಡೋಕೆ’ ಅಂತ ಬಾಯಿಪಾಠ ಮಾಡಿಸಿದರೆ ಎರಡನೇ ಪ್ರಶ್ನೆಗೇ ಮಾತು ತೊದಲುತ್ತದೆ. ಅದೇ ರೀತಿ, ‘ಮಗು ದೊಡ್ಡದಾಗೋವರೆಗೂ ನಾನೇ ನೋಡಿಕೊಳ್ತೀನಿ’ ಅಂದರೆ ವಾಪಸ್ ಬರುವ ದಿನವೇ ಇಲ್ಲ ಎಂಬ ಅರ್ಥ ಬರುತ್ತದೆ.

ಇಂಗ್ಲಿಷ್ ಬಾರದಿದ್ದರೆ ಶುರುವಿನಲ್ಲೇ ‘ಕನ್ನಡ’ ಅಂತ ಹೇಳಲಿ. ಅರ್ಧ ಅರ್ಥವಾದ ಪ್ರಶ್ನೆಗೆ ‘ಯೆಸ್ ಯೆಸ್’ ಅನ್ನುವುದಕ್ಕಿಂತ ಕನ್ನಡದಲ್ಲಿ ಎರಡು ಮಾತು ವಾಸಿ. ಇಬ್ಬರೂ ಒಟ್ಟಿಗೆ ನಿಂತಾಗ ಅಪ್ಪನೇ ಎಲ್ಲಕ್ಕೂ ಉತ್ತರ ಕೊಡುವುದು ನಮ್ಮಲ್ಲಿ ರೂಢಿ. ಅಮ್ಮನನ್ನು ಕೇಳಿದರೆ ಅಮ್ಮನೇ ಹೇಳಲಿ ಅಂತ ಅಪ್ಪನಿಗೆ ಮೊದಲೇ ಹೇಳಿಬಿಡಿ.

8. ಆ ಎರಡು ದಿನ

ಬೆರಳಚ್ಚು ಕೇಂದ್ರದಲ್ಲಿ ಫೋಟೊ, ಹತ್ತೂ ಬೆರಳಿನ ಗುರುತು ತೆಗೆಯುತ್ತಾರೆ. ಬೆರಳಿಗೆ ಗಾಯ ಆಗದಂತೆ ಆ ವಾರ ನೋಡಿಕೊಳ್ಳಿ.

ಚೆನ್ನೈ ಕಾನ್ಸುಲೇಟ್ ಅಣ್ಣಾ ಸಾಲೈಯಲ್ಲಿ, ಜೆಮಿನಿ ಫ್ಲೈಓವರ್ ಹತ್ತಿರ ಇದೆ. ಮೈಸೂರು, ಬೆಂಗಳೂರಿನಿಂದ ವಂದೇ ಭಾರತ್ ಇದೆ, ಆದರೆ ಸಂದರ್ಶನದ ದಿನವೇ ರೈಲು ಹತ್ತಬೇಡಿ. ಹಿಂದಿನ ರಾತ್ರಿ ಅಲ್ಲೇ ಇರಲಿ.

ಒಳಗೆ ಮೊಬೈಲ್, ಸ್ಮಾರ್ಟ್ ವಾಚ್, ದೊಡ್ಡ ಚೀಲ ಬಿಡುವುದಿಲ್ಲ. ಕರೆದುಕೊಂಡು ಹೋದವರು ಹೊರಗೇ ಕಾಯಬೇಕು ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಹೊರಗೆ ಬಂದ ಮೇಲೆ ಎಲ್ಲಿ ಸೇರುವುದು ಅಂತ ಮೊದಲೇ ತೀರ್ಮಾನಿಸಿ. ಒಂದು ಚೀಟಿಯಲ್ಲಿ ನಿಮ್ಮ ನಂಬರು, ಅಮೆರಿಕದ ವಿಳಾಸ ಬರೆದು ಜೇಬಿಗಿಡಿ. ಸರದಿಯಲ್ಲಿ ನಿಲ್ಲಬೇಕಾಗುತ್ತದೆ, ಬೆಳಗಿನ ಮಾತ್ರೆ ತಿಂಡಿ ಮುಗಿಸಿಯೇ ಹೊರಡಲಿ.

9. ಅಧಿಕಾರಿ ಏನು ಹೇಳಿದರು?

ಪಾಸ್‌ಪೋರ್ಟ್ ಇಟ್ಟುಕೊಂಡು ವೀಸಾ ಒಪ್ಪಿಗೆ ಆಯಿತು ಅಂದರೆ ಸರಿ. ಬುಕ್ ಮಾಡುವಾಗ ಆರಿಸಿದ ಕಡೆ ಅದು ಬರುತ್ತದೆ.

221(ಜಿ) ಅಂತ ಚೀಟಿ ಕೊಟ್ಟರೆ ಇನ್ನೂ ಏನೋ ಬೇಕು ಅಥವಾ ಪರಿಶೀಲನೆ ಬಾಕಿ ಇದೆ ಎಂದು ಅರ್ಥ. ಚೀಟಿಯಲ್ಲಿ ಕೇಳಿದ್ದನ್ನಷ್ಟೇ, ಹೇಳಿದ ರೀತಿಯಲ್ಲೇ ಕೊಡಿ. ಆನ್‌ಲೈನ್ ಸ್ಥಿತಿಯಲ್ಲಿ ‘ತಿರಸ್ಕೃತ’ ಅಂತ ಕಂಡರೂ ಈ ಹಂತದಲ್ಲಿ ಎದೆ ಒಡೆದುಕೊಳ್ಳಬೇಕಿಲ್ಲ.

214(ಬಿ) ಚೀಟಿ ಬಂದರೆ ಈ ಸಲ ಇಲ್ಲ. ಮೇಲ್ಮನವಿ ಇಲ್ಲ, ಕಾಯಬೇಕಾದ ಅವಧಿಯೂ ಇಲ್ಲ. ಹೊಸ ಅರ್ಜಿ, ಹೊಸ ಶುಲ್ಕ. ಆದರೆ ಮರುದಿನವೇ ಮತ್ತೆ ಹಾಕುವುದು ನನ್ನ ಪ್ರಕಾರ ದುಡ್ಡು ದಂಡ. ಏನು ಕೇಳಿದರು, ಏನು ಹೇಳಿದರು ಅಂತ ಅವತ್ತೇ ಬರೆಸಿಟ್ಟುಕೊಳ್ಳಿ, ಅರ್ಜಿಯ ಪಕ್ಕ ಇಟ್ಟು ನೋಡಿ. ಎಲ್ಲಿ ತಪ್ಪಿತು ಅಂತ ಗೊತ್ತಾದ ಮೇಲೆ, ಅಥವಾ ಮನೆಯ ಸ್ಥಿತಿಯಲ್ಲಿ ಏನಾದರೂ ಬದಲಾದ ಮೇಲೆ ಹಾಕಿ. ಮುಂದಿನ ಅರ್ಜಿಯಲ್ಲಿ ಈ ತಿರಸ್ಕಾರವನ್ನು ಹೇಳಲೇಬೇಕು.

10. ವೀಸಾ ಬಂದ ಮೇಲೆ

ಪಾಸ್‌ಪೋರ್ಟ್ ಬಂದ ದಿನವೇ ವೀಸಾದ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಹೋಲಿಸಿ ನೋಡಿ. ಆಮೇಲೆ ಟಿಕೆಟ್, ಅದರ ಜೊತೆಗೇ ಆರೋಗ್ಯ ವಿಮೆ. ಹಳೆಯ ಕಾಯಿಲೆಗೆ ಯಾವ ಮಟ್ಟಿಗೆ ರಕ್ಷಣೆ ಇದೆ ಅಂತ ಓದಿಯೇ ತಗೊಳ್ಳಿ. ಬಿಪಿ, ಸಕ್ಕರೆ ಇರುವವರ ಅಗ್ಗದ ಪಾಲಿಸಿಗಳಲ್ಲಿ ಕೈಕೊಡುವುದು ಅಲ್ಲೇ.

ಭಾರತೀಯರಿಗೆ ಈ ವೀಸಾ ಸಾಮಾನ್ಯವಾಗಿ 10 ವರ್ಷಕ್ಕೆ ಸಿಗುತ್ತದೆ. ಆದರೆ ಒಂದು ಸಲ ಹೋದಾಗ ಎಷ್ಟು ದಿನ ಇರಬಹುದು ಅನ್ನುವುದು ವೀಸಾದಲ್ಲಿ ಇರುವುದಿಲ್ಲ. ಅದನ್ನು ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸುತ್ತಾರೆ, ಐ-94 ಎಂಬ ದಾಖಲೆಯಲ್ಲಿ ಬರೆಯುತ್ತಾರೆ. ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ಅಲ್ಲೂ ಅದೇ ಪ್ರಶ್ನೆಗಳು ಬರುತ್ತವೆ, ಅದೇ ಉತ್ತರ ಇರಲಿ.

ಮನೆಗೆ ಬಂದ ಮೇಲೆ ಆನ್‌ಲೈನಿನಲ್ಲಿ ಐ-94 ತೆಗೆದು ಪ್ರಿಂಟ್ ಮಾಡಿ, ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ದಾಟಿದರೆ 10 ವರ್ಷದ ವೀಸಾ ಅಲ್ಲಿಗೇ ರದ್ದಾಗುತ್ತದೆ. ಅನಿವಾರ್ಯವಾಗಿ ಇನ್ನಷ್ಟು ದಿನ ಬೇಕಾದರೆ ಐ-539 ಅರ್ಜಿಯನ್ನು ಆ ದಿನಾಂಕಕ್ಕೆ ಮೊದಲೇ ಹಾಕಬೇಕು. ಕನಿಷ್ಠ 45 ದಿನ ಮುಂಚೆ ಹಾಕಿ ಅಂತ ಅಲ್ಲಿನ ವಲಸೆ ಇಲಾಖೆ ಹೇಳುತ್ತದೆ. ಐ-94ರಲ್ಲಿ ಹೆಸರೋ ದಿನಾಂಕವೋ ತಪ್ಪಾಗಿ ಬಿದ್ದಿದ್ದರೆ ಹತ್ತಿರದ ಡಿಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯಲ್ಲಿ ಸರಿಮಾಡಿಸಬಹುದು. ವಾಪಸ್ ಹೊರಡುವವರೆಗೂ ಕಾಯದೆ ಮೊದಲ ವಾರದಲ್ಲೇ ಮಾಡಿಸಿ.